ಪ್ರೋಗ್ರಾಮರುಗಳ ಬಳಗಕ್ಕೆ ಹೊಸಬರು: ಮೊದಲ ಪರಿಚಯ, ಮೊದಲ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಅಡೂರಿನವರೆಗೆ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯೆಲ್ಲ ಎಸ್ಸೆಸ್ಸೆಲ್ಸಿ, ಪ್ಲಸ್ ಟು ಮುಗಿಸಿ ಪ್ರೋಗ್ರಾಮಿಂಗ್ ಕಲಿಯಲು ಹೊರಟ ಮಕ್ಕಳಿದ್ದಾರೆ. ಹತ್ತಿರದಲ್ಲಿ ಕೇಳಲು ಜನವಿಲ್ಲದಾಗ ಅವರು ಅಂತರ್ಜಾಲದಲ್ಲಿರುವ ಪ್ರೋಗ್ರಾಮರುಗಳ ಬಳಗವೊಂದಕ್ಕೆ ಸೇರುತ್ತಾರೆ. ಅದು ಡಿಸ್ಕಾರ್ಡ್ ಇರಬಹುದು, ಟೆಲಿಗ್ರಾಂ ಇರಬಹುದು. ಸೇರಿದ ಕೂಡಲೇ ನಿಮ್ಮ ಪರಿಚಯ ಹೇಳಿ ಎನ್ನುತ್ತಾರೆ. ಹೆಚ್ಚಿನ ಹೊಸಬರು ಬರೆಯುವುದು ಒಂದೇ ಮಾತು: "ಹಾಯ್, ನಾನು ಹೊಸಬ, ಕೋಡಿಂಗ್ ಕಲಿಯಬೇಕು, ಹೆಲ್ಪ್ ಮಾಡಿ." ನಾಲ್ಕು ಮಂದಿ ಕೈಬೀಸುವ ಚಿತ್ರ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಅವರಿಗೆ ಸೊಕ್ಕು ಎಂದು ತಿಳಿಯಬೇಡಿ. ಆ ಸಾಲಿನಲ್ಲಿ ಉತ್ತರ ಕೊಡುವುದಕ್ಕೆ ಹಿಡಿಯೇ ಇಲ್ಲ.

ಇಂಥ ಬಳಗದಲ್ಲಿ ಪರಿಚಯ ಅಂದರೆ ಊರು, ಮನೆ, ಮಾರ್ಕು ಅಲ್ಲ. ಯಾವ ಯಂತ್ರದ ಮುಂದೆ ಕುಳಿತಿದ್ದೀರಿ, ಎಲ್ಲಿಯವರೆಗೆ ಕಲಿತಾಗಿದೆ, ಏನು ಮಾಡಲು ಹೊರಟಿದ್ದೀರಿ, ಎಲ್ಲಿ ತಡೆದಿದೆ ಎಂಬಿಷ್ಟನ್ನು ಹೇಳಿದರೆ ಗುರುತೇ ಇಲ್ಲದವರೂ ಸಹಾಯಕ್ಕೆ ಬರಬಲ್ಲರು.

ಇದಕ್ಕೆ ಒಳ್ಳೆಯ ಮಾದರಿ ಹಳೆಯದೊಂದಿದೆ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಬಳಸುವವರ ಬಳಗಕ್ಕೆ ಒಂದು ಸಣ್ಣ ಸಂದೇಶ ಕಳಿಸಿದ. ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ಅದು 386 ಮತ್ತು 486 ಯಂತ್ರಗಳಿಗೆ ಎಂದ. ಬ್ಯಾಷ್ 1.08 ಮತ್ತು ಜಿಸಿಸಿ 1.40 ಎಂಬ ಪ್ರೋಗ್ರಾಂಗಳು ಅದರಲ್ಲಿ ಓಡುತ್ತಿವೆ ಎಂದು ಆವೃತ್ತಿಯ ಸಂಖ್ಯೆ ಸಮೇತ ತಿಳಿಸಿದ. ಎಟಿ ಎಂಬ ಬಗೆಯ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದಕ್ಕೆ ಪ್ರಾಯಶಃ ಆಗದು, ತನ್ನಲ್ಲಿರುವುದು ಅದೊಂದೇ ಎಂದೂ ಹೇಳಿದ. ಕೊನೆಗೆ ಮಿನಿಕ್ಸ್‌ನಲ್ಲಿ ನಿಮಗೆ ಯಾವುದು ಇಷ್ಟ, ಯಾವುದು ಬೇಡ ಎಂದು ಕೇಳಿದ. ಅದೇ ಮುಂದೆ ಲಿನಕ್ಸ್ ಆಯಿತು. ಯಂತ್ರ ಯಾವುದು, ಆದದ್ದೆಷ್ಟು, ಆಗದ್ದು ಯಾವುದು, ಬೇಕಾದ್ದೇನು, ಎಲ್ಲವೂ ಆ ಕೆಲವು ಸಾಲುಗಳಲ್ಲಿದೆ.

ಈಗ ನಮ್ಮ ಕಡೆಯ ವಿಷಯಕ್ಕೆ ಬರೋಣ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿ ಕೊಟ್ಟ, ಉಬುಂಟು ಆಧಾರದ ಲಿನಕ್ಸ್ ಓಡುತ್ತದೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಮಕ್ಕಳ ಐಟಿ ಕ್ಲಬ್ಬುಗಳಾದ ಲಿಟ್ಲ್ ಕೈಟ್ಸ್ ಘಟಕಗಳು 2018ರಿಂದ ನಡೆಯುತ್ತಿವೆ. ಹಾಗಾಗಿ ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಪ್ರೋಗ್ರಾಮಿಂಗಿನ ಮೊದಲ ಪಾಠ ಕಲಿಯುವುದು ಲಿನಕ್ಸ್‌ನಲ್ಲಿ. ಆದರೆ ಮನೆಯಲ್ಲಿರುವುದು ಅಣ್ಣನ ಹಳೆಯ ವಿಂಡೋಸ್ ಲ್ಯಾಪ್‌ಟಾಪ್, ಇಲ್ಲವೇ ಬರೀ ಮೊಬೈಲು. ಶಾಲೆಯಲ್ಲಿ ಸರಿಯಾಗಿ ಓಡಿದ್ದು ಮನೆಯಲ್ಲಿ ಓಡದಿದ್ದರೆ ತಮಗೇ ಏನೋ ಬರುವುದಿಲ್ಲ ಎಂದು ಮಕ್ಕಳು ಅಂದುಕೊಳ್ಳುತ್ತಾರೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ತೆಗೆದುಕೊಳ್ಳಿ. ಉಬುಂಟುವಿನಲ್ಲಿ ಅದನ್ನು ತೆರೆಯಲು ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಪೈಥಾನ್3 ಎಂದು, ನಡುವೆ ಜಾಗ ಬಿಡದೆ, ಬರೆಯಬೇಕು. 20.04ರ ನಂತರದ ಉಬುಂಟುವಿನಲ್ಲಿ ಬರೀ ಪೈಥಾನ್ ಎಂದರೆ ಅಂಥ ಆಜ್ಞೆ ಇಲ್ಲ ಎನ್ನುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಹಾಕದೆ ಆ ಹೆಸರು ಬರೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ, ಅಥವಾ ಪೈಥಾನ್ ಸಿಗಲಿಲ್ಲ ಎಂಬ ಸಾಲು ಬರುತ್ತದೆ. ಹಾಕಿದ ಮೇಲೂ ಹಾಗೇ ಆದರೆ, ಎಂದಿನ ಇನ್‌ಸ್ಟಾಲರ್‌ನ ಮೊದಲ ಪರದೆಯ ಅಡಿಯಲ್ಲಿದ್ದ "ಪಾತ್‌ಗೆ ಸೇರಿಸು" ಎಂಬ ಚೌಕಕ್ಕೆ ಗುರುತು ಹಾಕದೆ ಮುಂದೆ ಹೋಗಿದ್ದೀರಿ. ಅದು ತಾನಾಗಿ ಗುರುತಾಗಿರುವುದಿಲ್ಲ. ಇನ್‌ಸ್ಟಾಲರ್ ಮತ್ತೆ ಓಡಿಸಿ, ಮಾಡಿಫೈ ಒತ್ತಿ ಮುಂದೆ ಹೋಗಿ, ಪೈಥಾನನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ಗೆ ಸೇರಿಸು ಎಂಬ ಚೌಕಕ್ಕೆ ಗುರುತು ಹಾಕಿ. ಅಲ್ಲಿಯವರೆಗೆ ಪಿ, ವೈ ಎಂಬ ಎರಡಕ್ಷರದ ಆಜ್ಞೆಯೂ ಕೆಲಸ ಮಾಡುತ್ತದೆ.

ಅದಕ್ಕೇ ಪರಿಚಯದಲ್ಲಿ ಆಪರೇಟಿಂಗ್ ಸಿಸ್ಟಂ ಮತ್ತು ಪೈಥಾನ್ ಆವೃತ್ತಿ ಇರಲೇಬೇಕು. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ವಿನ್‌ವರ್ ಎಂದು ಬರೆದರೆ ವಿಂಡೋಸ್‌ನ ಆವೃತ್ತಿ ಕಾಣುತ್ತದೆ. ಪೈಥಾನ್ ಆಜ್ಞೆಯ ಮುಂದೆ ಒಂದು ಜಾಗ ಬಿಟ್ಟು, ಎರಡು ಅಡ್ಡಗೀಟು ಹಾಕಿ, ವರ್ಷನ್ ಎಂದು ಬರೆದರೆ ಪೈಥಾನ್‌ನ ಆವೃತ್ತಿ ಸಿಗುತ್ತದೆ. ಮೊಬೈಲಿನಲ್ಲೇ ಮಾಡುವವರು ಯಾವ ಆ್ಯಪ್ ಎಂಬುದನ್ನೂ ತಿಳಿಸಿ. ಮೊಬೈಲು ಮಾತ್ರ ಇದೆ ಎಂದು ಬರೆಯಲು ನಾಚಿಕೆ ಬೇಡ. ಅದು ಗೊತ್ತಾದರೆ ಅದಕ್ಕೆ ಹೊಂದುವ ದಾರಿಯನ್ನೇ ಹೇಳುತ್ತಾರೆ.

ಒಂದು ಮಾದರಿ ಓದುತ್ತೇನೆ. "ನಮಸ್ಕಾರ. ನಾನು ಪ್ಲಸ್ ಟು ವಿದ್ಯಾರ್ಥಿ. ಶಾಲೆಯಲ್ಲಿ ಉಬುಂಟುವಿನಲ್ಲಿ ಕಲಿತದ್ದು, ಮನೆಯಲ್ಲಿ ವಿಂಡೋಸ್ 10, 4 ಜಿಬಿ ರ್ಯಾಮ್, ಪೈಥಾನ್ 3.12. ಫಾರ್ ಲೂಪ್, ಫಂಕ್ಷನ್‌ವರೆಗೆ ಬರುತ್ತದೆ, ಕ್ಲಾಸ್ ಇನ್ನೂ ಕಲಿತಿಲ್ಲ. ಅಡಿಕೆ ತೋಟಕ್ಕೆ ಮದ್ದು ಬಿಡುವ ಲೆಕ್ಕ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ದಿನಕ್ಕೆ ಒಂದು ಗಂಟೆ ಬಿಡುವು." ಇಷ್ಟೇ ಸಾಕು. ಕ್ಲಾಸ್ ಅಂದರೆ ಇಲ್ಲಿ ತರಗತಿಯಲ್ಲ, ಪೈಥಾನ್‌ನಲ್ಲಿ ಮುಂದೆ ಬರುವ ಒಂದು ಪಾಠ. ಅದನ್ನು ಕಲಿತಿಲ್ಲ ಎಂಬ ಮಾತು ತುಂಬ ಉಪಕಾರದ್ದು. ಅದಿಲ್ಲದಿದ್ದರೆ ಅನುಭವಿಯೊಬ್ಬರು ನಾಲ್ಕು ಕ್ಲಾಸ್ ಇರುವ ಚಂದದ ಉತ್ತರ ಬರೆದುಬಿಡುತ್ತಾರೆ, ನಿಮಗೆ ಒಂದು ಸಾಲೂ ಅರ್ಥವಾಗುವುದಿಲ್ಲ.

ಈ ಮದ್ದಿನ ಲೆಕ್ಕವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅಡಿಕೆಯ ಕೊಳೆರೋಗವಾದ ಮಹಾಳಿಗೆ ಬಿಡುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಂದು ಡ್ರಮ್ಮಿನಲ್ಲಿ ಎಷ್ಟು ಲೀಟರ್ ಎಂದು ಪ್ರೋಗ್ರಾಂ ಕೇಳುತ್ತದೆ, ನೀವು 200 ಎಂದು ಒತ್ತುತ್ತೀರಿ. ಡ್ರಮ್ ಎರಡು ಎಂದು ಕೋಡಿನಲ್ಲೇ ಬರೆದಿದ್ದೀರಿ. ಗುಣಿಸಿದರೆ 400 ಬರಬೇಕು, ಪರದೆಯಲ್ಲಿ ಬರುವುದು 200200. ಎರಡು ಲಕ್ಷ ಲೀಟರ್ ಮದ್ದು ಬಿಡುವಷ್ಟು ತೋಟ ಯಾರಿಗಿದೆ? ಪೈಥಾನ್‌ನಲ್ಲಿ ಇನ್‌ಪುಟ್ ಎಂಬ ಫಂಕ್ಷನ್ ಯಾವಾಗಲೂ ಪಠ್ಯವನ್ನೇ ಕೊಡುತ್ತದೆ, ಅಂಕಿಯನ್ನಲ್ಲ. ಪಠ್ಯವನ್ನು ಎರಡರಿಂದ ಗುಣಿಸಿದರೆ ಅದನ್ನೇ ಎರಡು ಸಲ ಒತ್ತಟ್ಟಿಗೆ ಬರೆಯುತ್ತದೆ. ಎರರ್ ಬರುವುದಿಲ್ಲ, ಅದೇ ಕೆಟ್ಟದ್ದು. ಅದೇ ಪಠ್ಯವನ್ನು ನೂರರಿಂದ ಭಾಗಿಸಲು ಹೋದರೆ ಮಾತ್ರ ಟೈಪ್ ಎರರ್ ಎಂದು ಬೊಬ್ಬೆ ಹೊಡೆಯುತ್ತದೆ. ಇನ್‌ಪುಟ್ಟನ್ನು ಇಂಟ್ ಎಂಬ ಫಂಕ್ಷನ್ನಿನ ಆವರಣದೊಳಗೆ ಇಟ್ಟರೆ ಸರಿಯಾಗುತ್ತದೆ. ಡ್ರಮ್ ಎಷ್ಟು ಎಂಬುದನ್ನೂ ಹೀಗೇ ಕೇಳಿ, ಅರ್ಧ ಡ್ರಮ್, ಒಂದೂವರೆ ಡ್ರಮ್ ಲೆಕ್ಕ ಬೇಕಿದ್ದರೆ ಇಂಟ್ ಆಗದು, ಫ್ಲೋಟ್ ಬಳಸಬೇಕು, ಏಕೆಂದರೆ 1.5 ಎಂಬ ಪಠ್ಯವನ್ನು ಇಂಟ್ ಒಪ್ಪುವುದಿಲ್ಲ, ವ್ಯಾಲ್ಯೂ ಎರರ್ ಕೊಡುತ್ತದೆ.

ಇದನ್ನು ಬಳಗದಲ್ಲಿ ಕೇಳುವಾಗ "ಉತ್ತರ ತಪ್ಪು ಬರುತ್ತದೆ, ಪ್ಲೀಸ್ ಹೆಲ್ಪ್" ಎಂದರೆ ಪ್ರಯೋಜನವಿಲ್ಲ. "200 ಕೊಟ್ಟೆ, 400 ಬರಬೇಕಿತ್ತು, 200200 ಬಂತು" ಎನ್ನಿ. ಕೊಟ್ಟದ್ದು, ಬರಬೇಕಾದದ್ದು, ಬಂದದ್ದು. ಈ ಮೂರು ಇದ್ದರೆ ಬಲ್ಲವರು ಕೋಡ್ ನೋಡುವ ಮೊದಲೇ ಕಾರಣ ಊಹಿಸುತ್ತಾರೆ. ಎರರ್ ಬಂದಿದ್ದರೆ ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪೂರ್ತಿ ನಕಲು ಮಾಡಿ ಹಾಕಿ. ಆದರೆ ನೀವು ಓದುವಾಗ ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲಿನಲ್ಲಿ ತಪ್ಪಿನ ಜಾತಿ ಇರುತ್ತದೆ, ಅದರ ಮೇಲೆ ಅದು ಯಾವ ಸಾಲಿನಲ್ಲಿ ಆಯಿತು ಎಂಬುದು. ಎಷ್ಟೋ ಪ್ರಶ್ನೆಗಳು ಕೇಳುವ ಮೊದಲೇ ಅಲ್ಲಿ ಕರಗುತ್ತವೆ.

ಕೋಡನ್ನು ಹಾಕುವ ಕ್ರಮದಲ್ಲೂ ಎಡವುವವರು ಬಹಳ. ಪರದೆಗೆ ಮೊಬೈಲ್ ಹಿಡಿದು ಫೋಟೋ ತೆಗೆದು ಕಳಿಸಬೇಡಿ. ನೋಡುವವರು ಅದನ್ನು ನಕಲು ಮಾಡಿ ಓಡಿಸಿ ನೋಡಲಾರರು, ಅಲ್ಪವಿರಾಮವೋ ಬಿಂದುವೋ ಎಂದು ಕಣ್ಣು ಕಿರಿದು ಮಾಡಬೇಕು. ಪಠ್ಯವಾಗಿಯೇ ಹಾಕಿ, ಅದರ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ ಇಡಿ. ಸಾಮಾನ್ಯ ಕೀಲಿಮಣೆಯಲ್ಲಿ ಎಸ್ಕೇಪ್ ಕೀಲಿಯ ಕೆಳಗೆ, ಒಂದರ ಎಡಕ್ಕೆ ಇರುವ ಓರೆ ಗೀಟು ಅದು. ಜಿಬೋರ್ಡ್‌ನಲ್ಲಿ ಚಿಹ್ನೆಗಳ ಎರಡನೇ ಪುಟದಲ್ಲಿ ಸಿಗುತ್ತದೆ. ವಾಟ್ಸ್ಆ್ಯಪ್, ಟೆಲಿಗ್ರಾಂ, ಡಿಸ್ಕಾರ್ಡ್, ಕೋಡ್ ಇಡುವ ತಾಣವಾದ ಗಿಟ್‌ಹಬ್ ನಾಲ್ಕರಲ್ಲೂ ಇದು ನಡೆಯುತ್ತದೆ. ಇದಿಲ್ಲದೆ ಹಾಕಿದರೆ ಸಾಲಿನ ಮೊದಲಿನ ಜಾಗಗಳು ಅಸ್ತವ್ಯಸ್ತವಾಗಬಹುದು, ಪೈಥಾನ್‌ನಲ್ಲಿ ಆ ಜಾಗಕ್ಕೇ ಅರ್ಥವಿರುವುದು. ಡಿಸ್ಕಾರ್ಡ್‌ನಲ್ಲಂತೂ ಹಿಂದೆ ಮುಂದೆ ಎರಡೆರಡು ಅಡಿಗೀಟು ಇರುವ ಹೆಸರಿನ ಅಡಿಗೀಟುಗಳೇ ಮಾಯವಾಗಿ, ಹೆಸರಿನ ಕೆಳಗೊಂದು ಗೆರೆ ಬೀಳುತ್ತದೆ. ವರ್ಡ್‌ನಲ್ಲಿ ಬರೆದಿಟ್ಟು ತಂದ ಕೋಡಿನಲ್ಲಿ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ. ಪೈಥಾನ್ ಆಗ ಅಮಾನ್ಯ ಅಕ್ಷರ, ಯು ಪ್ಲಸ್ 201ಸಿ ಎಂದು ದೂರುತ್ತದೆ. ಇನ್ನೂರು ಸಾಲಿನ ಪ್ರೋಗ್ರಾಂ ಇದ್ದರೆ ಅಷ್ಟನ್ನೂ ಸುರಿಯದೆ, ಅದೇ ತಪ್ಪು ಮತ್ತೆ ಬರುವಷ್ಟಕ್ಕೆ ಹತ್ತು ಸಾಲಿಗೆ ಇಳಿಸಿ. ಎಐ ಬರೆದುಕೊಟ್ಟ ಕೋಡಾದರೆ ಹಾಗೆಂದು ತಿಳಿಸಿ. ಇಲ್ಲದ ಲೈಬ್ರರಿಯ, ಅಂದರೆ ಸಿದ್ಧ ಕೋಡಿನ ಕಟ್ಟಿನ, ಹೆಸರನ್ನು ಅದು ಹೇಳಿರಬಹುದು, ಮೊದಲೇ ತಿಳಿಸಿದರೆ ಇಬ್ಬರ ಹೊತ್ತೂ ಉಳಿಯುತ್ತದೆ.

ಕನ್ನಡ ಅಕ್ಷರ ಬಳಸಿ ಪ್ರೋಗ್ರಾಂ ಬರೆಯುವವರಿಗೆ ಬರುವ ತೊಂದರೆಗಳೇ ಬೇರೆ. ಯಾವ ಆಪರೇಟಿಂಗ್ ಸಿಸ್ಟಂ ಎಂಬ ಮಾತು ಅಲ್ಲಿ ಇನ್ನಷ್ಟು ಮುಖ್ಯ. ಕಾಸರಗೋಡು ಎಂಬ ಹೆಸರು ತೆಗೆದುಕೊಳ್ಳಿ. ನಮ್ಮ ಲೆಕ್ಕಕ್ಕೆ ಐದು ಅಕ್ಷರ. ಪೈಥಾನ್‌ನ ಲೆನ್ ಫಂಕ್ಷನ್ ಎಂಟು ಎನ್ನುತ್ತದೆ, ಏಕೆಂದರೆ ದೀರ್ಘ, ಓತ್ವ, ಕೊಂಬು ಇವಕ್ಕೆ, ಎಲ್ಲ ಭಾಷೆಯ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಬೇರೆ ಬೇರೆ ಸಂಕೇತ. ಅದನ್ನೇ ಯುಟಿಎಫ್-8 ಕಡತದಲ್ಲಿ ಉಳಿಸಿದರೆ 24 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರರಂತೆ. ಇಷ್ಟಕ್ಕೇ ಮುಗಿಯುವುದಿಲ್ಲ. ಗೋ ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ತುಂಡಾದರೆ ಲೆನ್ ಹತ್ತು ಎನ್ನುತ್ತದೆ. ಕಣ್ಣಿಗೆ ಎರಡೂ ಒಂದೇ. ಪ್ರೋಗ್ರಾಂ ಮಾತ್ರ ಎರಡು ಬೇರೆ ಊರು ಎನ್ನುತ್ತದೆ. ಹೋಲಿಸುವ ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿನಿಂದ ಎರಡನ್ನೂ ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಕೂಡಿಸಿದ ರೂಪಕ್ಕೆ ತರಬೇಕು. ಅರ್ಧಾಕ್ಷರದ ನಂತರ ಕಾಣದಂತೆ ಕುಳಿತಿರುವ ಶೂನ್ಯ ಅಗಲದ ಸಂಕೇತ ಮಾತ್ರ ಇದರಿಂದ ಹೋಗುವುದಿಲ್ಲ, ಅದನ್ನು ಬೇರೆಯೇ ನೋಡಿಕೊಳ್ಳಬೇಕು.

ಶಾಲೆಯ ಉಬುಂಟುವಿನಲ್ಲಿ ಕನ್ನಡ ಹೆಸರುಗಳನ್ನು ಕಡತಕ್ಕೆ ಬರೆದ ಪ್ರೋಗ್ರಾಂ ಮನೆಯ ವಿಂಡೋಸ್‌ನಲ್ಲಿ ಚಾರ್‌ಮ್ಯಾಪ್ ಎಂಬ ಪದ ಇರುವ ಯೂನಿಕೋಡ್ ಎನ್‌ಕೋಡ್ ಎರರ್ ಕೊಟ್ಟು ನಿಂತರೆ ಗಾಬರಿ ಬೇಡ. ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಕ್ರಮ, ಯಾವುದೆಂದು ನೀವು ಹೇಳದಿದ್ದಾಗ ಉಬುಂಟುವಿನ ಪೈಥಾನ್ ಯುಟಿಎಫ್-8 ಬಳಸುತ್ತದೆ. ವಿಂಡೋಸ್‌ನಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವ ಪೈಥಾನ್ ಆವೃತ್ತಿಗಳು ಕೋಡ್ ಪೇಜ್ ಎಂಬ ಹಳೆಯ ಅಕ್ಷರಪಟ್ಟಿ ಹಿಡಿಯುತ್ತವೆ, ಅದರಲ್ಲಿ ಕನ್ನಡವೇ ಇಲ್ಲ. ಕಡತ ತೆರೆಯುವ ಓಪನ್ ಫಂಕ್ಷನ್ನಿನೊಳಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದರೆ ಎರಡು ಕಡೆಯೂ ಓಡುತ್ತದೆ. ಅಂದ ಹಾಗೆ ಕನ್ನಡ ಅಂಕಿಯಲ್ಲಿ ಇನ್ನೂರು ಎಂದು ಒತ್ತಿದರೂ ಪೈಥಾನ್‌ನ ಇಂಟ್ ಅದನ್ನು ಸರಿಯಾಗಿ ಓದುತ್ತದೆ. ಜಾವಾಸ್ಕ್ರಿಪ್ಟ್‌ನ ನಂಬರ್ ಓದುವುದಿಲ್ಲ.

ಭಾಷೆಯ ಅಂಜಿಕೆಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಎರರ್ ಸಂದೇಶ ಹೇಗೂ ಇಂಗ್ಲಿಷಿನಲ್ಲೇ ಇರುತ್ತದೆ, ಕೋಡ್ ಎಲ್ಲರಿಗೂ ಒಂದೇ, ಉಳಿದದ್ದು ಮೂರು ಸಣ್ಣ ವಾಕ್ಯ. ಮಲಯಾಳದಲ್ಲಿ ನಡೆಯುವ ಬಳಗಗಳೂ ನಮ್ಮ ಮಕ್ಕಳಿಗೆ ಪರಕೀಯವಲ್ಲ.

ಹೇಳಬಾರದ್ದೂ ಇದೆ. ಫೋನ್ ನಂಬರು, ಮನೆಯ ವಿಳಾಸ, ಶಾಲೆಯ ಹೆಸರು ಬೇಡ. ಗಿಟ್‌ಹಬ್, ಡಿಸ್ಕಾರ್ಡ್ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ನೀವು ಕೊಟ್ಟ ಇಮೇಲ್ ಪ್ರತಿಯೊಂದು ಕಮಿಟ್‌ನಲ್ಲೂ, ಅಂದರೆ ದಾಖಲಾದ ಪ್ರತಿ ಬದಲಾವಣೆಯಲ್ಲೂ, ಅಚ್ಚಾಗುತ್ತದೆ, ಅದನ್ನು ಮರೆಮಾಡಲು ಗಿಟ್‌ಹಬ್ ತನ್ನ ಸೆಟ್ಟಿಂಗ್ಸ್‌ನಲ್ಲಿ ನೋರಿಪ್ಲೈ ವಿಳಾಸ ಕೊಡುತ್ತದೆ. ಆನ್‌ಲೈನ್ ಸೇವೆ ಬಳಸಲು ಸಿಗುವ ಗುಟ್ಟಿನ ಎಪಿಐ ಕೀಲಿಯನ್ನೋ ಪಾಸ್‌ವರ್ಡನ್ನೋ ಕೋಡಿನಲ್ಲಿ ಬಿಟ್ಟು ಹಾಕಿದ್ದರೆ, ಆ ಸಾಲು ಅಳಿಸಿ ಮತ್ತೆ ಕಮಿಟ್ ಮಾಡಿದರೆ ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಕೀಲಿಯನ್ನೇ ರದ್ದುಮಾಡಿ ಹೊಸದು ಪಡೆಯಬೇಕು.

ಪ್ರಶ್ನೆ ಹಾಕಿದ ಹತ್ತು ನಿಮಿಷಕ್ಕೆ ಉತ್ತರ ಬರಲಿಲ್ಲ ಎಂದು ಅದನ್ನೇ ಮತ್ತೆ ಮತ್ತೆ ಹಾಕುವುದು, ಯಾರದೋ ಖಾಸಗಿ ಇನ್‌ಬಾಕ್ಸಿಗೆ ಹೋಗಿ ಕೇಳುವುದು ಒಳ್ಳೆಯದಲ್ಲ. ಇಲ್ಲಿ ರಾತ್ರಿ 8 ಗಂಟೆಯಾದಾಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಅಲ್ಲಿಯ ಬೇಸಿಗೆಯಾದರೆ ಬೆಳಗ್ಗೆ 10:30, ಚಳಿಗಾಲವಾದರೆ 9:30. ಒಂದು ದಿನ ಕಾಯಿರಿ. ಬೇರೆ ಕಡೆಯೂ ಕೇಳಿದ್ದರೆ ಅದರ ಕೊಂಡಿ ಹಾಕಿ, ಒಂದೇ ಉತ್ತರವನ್ನು ಇಬ್ಬರು ಕೂತು ಬರೆಯುವುದು ತಪ್ಪುತ್ತದೆ. ಸರಿಯಾದ ಮೇಲೆ "ಆಯಿತು, ಥ್ಯಾಂಕ್ಸ್" ಎಂದಷ್ಟೇ ಬರೆದು ಹೋಗಬೇಡಿ, ಪ್ರಶ್ನೆಯನ್ನು ಅಳಿಸಲೂ ಬೇಡಿ. ಯಾವ ಸಾಲು ಬದಲಿಸಿದಾಗ ಸರಿಯಾಯಿತು ಎಂಬುದನ್ನು ಅದರ ಕೆಳಗೇ ಬರೆದಿಡಿ. ಅದೇ ಎರರ್ ಬಂದ ಇನ್ನೊಬ್ಬರು ಹುಡುಕುವಾಗ ಅವರಿಗೆ ಸಿಗುವುದು ಆ ಸಾಲೇ.

ನಮಸ್ಕಾರ.