21ನೇ ಅಧ್ಯಾಯವೇ ಇಲ್ಲದ ಕಾದಂಬರಿಗೂ ಪ್ರಕಾಶಕರು ಸಿಕ್ಕರು!

"ಪ್ರಕಾಶಕರು ನನ್ನ ಹತ್ತಿರ ಒಂದು ರೂಪಾಯಿಯನ್ನೂ ಕೇಳಿಲ್ಲ. ಹಾಗಾದರೆ ನಂಬಬಹುದು ಅಲ್ವಾ?"

ಹೊಸ ಲೇಖಕರು ಕೇಳುವ ಪ್ರಶ್ನೆ ಇದು. ದುಡ್ಡು ಕೇಳುವವರಿಂದ ದೂರ ಇರಬೇಕು ಅಂತ ನಿಮಗೆ ಗೊತ್ತೇ ಇದೆ. ಇವತ್ತು ಕೇಳದವರ ಕಥೆ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಪಬ್ಲಿಷ್‌ಅಮೆರಿಕಾ ಅಂತ ಒಂದು ಕಂಪನಿ ಇತ್ತು. ಶುಲ್ಕ ಇಲ್ಲ. ಮೇಲಾಗಿ ಲೇಖಕರಿಗೆ 1 ಡಾಲರ್ ಮುಂಗಡ ಬೇರೆ! ಬಂದ ಹಸ್ತಪ್ರತಿಗಳನ್ನು ಸೋಸಿ ಆರಿಸುತ್ತೇವೆ ಅನ್ನುತ್ತಿದ್ದರು. ನಿಜವಾಗಿ ಓದುತ್ತಾರಾ? ಪರೀಕ್ಷೆ ಮಾಡಲು ಲೇಖಕ ಜೇಮ್ಸ್ ಡಿ. ಮ್ಯಾಕ್‌ಡೊನಾಲ್ಡ್ ಮತ್ತು ಅವರ ಗೆಳೆಯರು ಬೇಕಂತಲೇ ಒಂದು ಕೆಟ್ಟ ಕಾದಂಬರಿ ಬರೆದರು. ಹೆಸರು 'ಅಟ್ಲಾಂಟಾ ನೈಟ್ಸ್'.

[ಸ್ಕ್ರೀನ್ ಮೇಲೆ: ಅಧ್ಯಾಯಗಳ ಪಟ್ಟಿ]

ಇಲ್ಲಿ ನೋಡಿ. 20 ಆದ ಮೇಲೆ ಸೀದಾ 22. ಮಧ್ಯದ ಅಧ್ಯಾಯ ನಾಪತ್ತೆ. 4 ಮತ್ತು 17 ಅಕ್ಷರಕ್ಕೆ ಅಕ್ಷರ ಒಂದೇ. ಸತ್ತ ಪಾತ್ರಗಳು ಮುಂದೆ ಸುಮ್ನೆ ಎದ್ದು ಬರುತ್ತವೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. 34ನೇ ಅಧ್ಯಾಯವನ್ನಂತೂ ಮನುಷ್ಯರು ಬರೆದೇ ಇಲ್ಲ. ಹಿಂದಿನ ಅಧ್ಯಾಯಗಳನ್ನು ಸಾಫ್ಟ್‌ವೇರಿಗೆ ಹಾಕಿ, ಪದಗಳನ್ನು ಕಲಸಿ ತೆಗೆದದ್ದು!

2004ರ ಡಿಸೆಂಬರ್‌ನಲ್ಲಿ ಕಂಪನಿಯಿಂದ ಉತ್ತರ ಬಂತು: ಪ್ರಕಟಿಸುತ್ತೇವೆ. 2005ರ ಜನವರಿಯಲ್ಲಿ ಲೇಖಕರು ಗುಟ್ಟು ಬಿಟ್ಟುಕೊಟ್ಟರು. ಮರುದಿನವೇ ಒಪ್ಪಿಗೆ ವಾಪಸ್.

ಯಾಕೆ ಹೀಗಾಯಿತು? ಪುಸ್ತಕ ಕೊಳ್ಳುವವರು ಯಾರು ಅಂತ ಯೋಚಿಸಿ. ಓದುಗರಿಗೆ ಮಾರಿ ಬದುಕುವ ಪ್ರಕಾಶಕರು ಹಸ್ತಪ್ರತಿ ಓದಲೇಬೇಕು, ಇಲ್ಲದಿದ್ದರೆ ನಷ್ಟ ಅವರದೇ. ಲೇಖಕರಿಗೇ ಅವರ ಪುಸ್ತಕ ಮಾರಿ ಬದುಕುವವರು ಯಾಕೆ ಓದಬೇಕು? ಆ ಕಂಪನಿಯ ಮೇಲೆ ಲೇಖಕರ ದೂರು ಇದೇ ಆಗಿತ್ತು. ಮೊದಲ ಪುಸ್ತಕದ ಆಸೆ ಎಷ್ಟು ದೊಡ್ಡದು ಅಂತ ಬರೆಯುವವರಿಗೆ ಗೊತ್ತು. ಅದನ್ನೇ ಬಂಡವಾಳ ಮಾಡಿಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಹಾಗಾಗಿ ಒಪ್ಪಿಗೆಯ ಮೇಲ್ ಬಂದ ಕೂಡಲೇ ಕುಣಿಯಬೇಡಿ. ಅವರ ಹಿಂದಿನ ಪುಸ್ತಕಗಳು ಅಂಗಡಿಯ ಕಪಾಟಿನಲ್ಲಿ ಇವೆಯಾ, ಹೋಗಿ ನೋಡಿ. ನೀವು ಇಷ್ಟು ಪ್ರತಿ ಕೊಳ್ಳಲೇಬೇಕು ಅಂತ ಕರಾರಿನಲ್ಲಿ ಇದೆಯಾ? ಅವರಲ್ಲಿ ಪುಸ್ತಕ ಮಾಡಿದ ಇಬ್ಬರಿಗೆ ಫೋನ್ ಮಾಡಿ, ರಾಯಧನ (ರಾಯಲ್ಟಿ) ಬಂತಾ ಅಂತ ಕೇಳಿ.

ಟೈಮ್ ಆಯಿತು, ಉಳಿದದ್ದು ಬೇಗ ಬೇಗ. ಭಾರತದಲ್ಲಿ ಐಎಸ್‌ಬಿಎನ್, ಅಂದರೆ ಪ್ರತಿ ಪುಸ್ತಕದ ಗುರುತಿನ ಸಂಖ್ಯೆ, ಉಚಿತ. ಅದನ್ನು ಕೊಡುವ ಸರ್ಕಾರಿ ಸಂಸ್ಥೆ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನಿನಲ್ಲಿ ನೀವೇ ಅರ್ಜಿ ಹಾಕಬಹುದು. 'ಐಎಸ್‌ಬಿಎನ್ ಶುಲ್ಕ' ಅಂತ ಬಿಲ್ ಬಂದರೆ ಯಾಕೆ ಅಂತ ಕೇಳಿ. ಅನುವಾದ, ಸಿನಿಮಾ, ಆಡಿಯೋ ಹಕ್ಕುಗಳನ್ನು ಒಟ್ಟಿಗೆ ಬರೆದುಕೊಡಬೇಡಿ. ಮಾರಾಟ ನಿಂತ ಮೇಲೆ ಹಕ್ಕು ನಿಮಗೇ ವಾಪಸ್ ಬರುತ್ತದೆ ಅನ್ನುವ ಸಾಲು ಕರಾರಿನಲ್ಲಿ ಇಲ್ಲದಿದ್ದರೆ, ಅದನ್ನು ಸೇರಿಸಿದ ಮೇಲೆಯೇ ಸಹಿ ಹಾಕಿ.