ಕಡಲಾಳದ ಬೂಷ್ಟಿಗೆ ಇಷ್ಟು ಬೇಗ ಜೈಕಾರ ಬೇಡ

ನಮಸ್ಕಾರ. ಸೋಮವಾರಪೇಟೆ ಕಡೆ ಮಳೆ ಹಿಡಿದು ಹದಿನೈದು ದಿನವಾಯಿತು. ಹಿಂದೆ ಕೇಳುತ್ತಿರುವುದು ತಗಡಿನ ಸದ್ದು, ಸಹಿಸಿಕೊಳ್ಳಿ.

ಬೆಳಿಗ್ಗೆ ತೋಟದಲ್ಲಿ ಕೊಳೆ ರೋಗ ತಗುಲಿದ ಕಾಫಿ ಎಲೆ ತೆಗೆಸುತ್ತಿದ್ದೆ. ಕಪ್ಪಾದ ಎಲೆ ಕಳಚಿದರೂ ನೆಲಕ್ಕೆ ಬೀಳುವುದಿಲ್ಲ, ಶಿಲೀಂಧ್ರದ ಲೋಳೆ ಎಳೆಗೆ ಜೋತು ನೇತಾಡುತ್ತದೆ. ಆಗಲೇ ಚಿಕ್ಕಮ್ಮನ ಸಂದೇಶ ಬಂತು: ‘ಕಡಲಾಳದ ಶಿಲೀಂಧ್ರದಲ್ಲಿ ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು!’

ಸುದ್ದಿ ಪೂರ್ತಿ ಓದಿದೆ. ಸಿಕ್ಕಿರುವುದು ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದ ಒಂದು ರಾಸಾಯನಿಕ. ತಟ್ಟೆಯಲ್ಲಿ ಕೊಲ್ಲುವುದಾದರೆ ಕೊಳೆ ರೋಗಕ್ಕೆ ನಾವು ಹೊಡೆಯುವ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವೂ ಕೊಲ್ಲುತ್ತದೆ. ಪಕ್ಕದ ಆರೋಗ್ಯವಂತ ಕೋಶವನ್ನು ಅದು ಉಳಿಸಿತೇ ಎಂಬ ಮಾತು ಆ ಸುದ್ದಿಯಲ್ಲಿ ಎಲ್ಲೂ ಇರಲಿಲ್ಲ.

ಹಾಗೆಂದು ಹುಡುಕಾಟವೇ ದಂಡ ಎನ್ನುವವನು ನಾನಲ್ಲ. ಕಡಲಲ್ಲಿ 10 ಮೀಟರ್ ಇಳಿದಂತೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಬೆಳಕಿಲ್ಲದ ಆ ತಣ್ಣನೆಯ ಕೆಸರಿನಲ್ಲಿ ಬದುಕುವ ಜೀವಿ ನೆಲದ ಮೇಲೆ ಕಾಣದ ಅಣುಗಳನ್ನು ಕಟ್ಟಿಕೊಂಡಿರಬಹುದು. ಪ್ರಯೋಗಾಲಯಕ್ಕೆ ತಂದರೆ ಮಾತ್ರ ಮೊಂಡು ಹಿಡಿಯುತ್ತದೆ. ಆ ಅಣು ಕಟ್ಟುವ ವಂಶವಾಹಿಗಳಲ್ಲಿ ಬಹಳಷ್ಟು ಮಲಗಿಬಿಡುತ್ತವೆ. ಎಬ್ಬಿಸಲು ಏನು ಮಾಡುತ್ತಾರೆ ಗೊತ್ತೇ? ಅನ್ನ ಹಾಕುತ್ತಾರೆ! ಫ್ಲಾಸ್ಕಿನಲ್ಲಿ ಅಕ್ಕಿಯನ್ನು ಉಪ್ಪುನೀರಿನೊಡನೆ ಬೇಯಿಸಿ, ಆರಿಸಿ, ಬೂಷ್ಟು ಬಿತ್ತಿ ವಾರಗಟ್ಟಲೆ ಕಾಯುತ್ತಾರೆ. ಒಗ್ಗದಿದ್ದರೆ ಉಪ್ಪು ಹೆಚ್ಚು ಕಡಿಮೆ ಮಾಡುತ್ತಾರೆ, ಜೊತೆಗೊಂದು ಬ್ಯಾಕ್ಟೀರಿಯಾ ಬಿಟ್ಟು ಜಗಳ ಹಚ್ಚುತ್ತಾರೆ. ಊಟ ಬದಲಾದರೆ ಅದೇ ಬೂಷ್ಟು ಬೇರೆ ರಸ ಬಿಡುತ್ತದೆ. ಹೊಸ ಅಳಿಯನಿಗೂ ಇಷ್ಟು ಉಪಚಾರ ನಡೆಯುವುದಿಲ್ಲ.

ಅಣು ಸಿಕ್ಕ ಮೇಲಿನ ದಾರಿ ಇನ್ನೂ ದೂರ. ಆಳದಲ್ಲಲ್ಲ, ಕಡಲಿನ ಪಾಚಿಯಲ್ಲಿ ಸಿಕ್ಕ ಆಸ್ಪರ್ಜಿಲಸ್ ಎಂಬ ಜಾತಿಯ ಒಂದು ಬೂಷ್ಟಿನ ಅಣುವನ್ನು ಮಾದರಿಯಾಗಿಟ್ಟುಕೊಂಡು ಪ್ಲಿನಾಬುಲಿನ್ ತಯಾರಿಸಿದರು. ಗಡ್ಡೆಯ ರಕ್ತನಾಳ ಕೆಡಿಸುತ್ತದೆಂದು ನೆಚ್ಚಿಕೊಂಡ ಮದ್ದು ಅದು. ಕೊನೆಗೆ ಅಮೆರಿಕದ ಔಷಧ ನಿಯಂತ್ರಕರ ಮುಂದೆ ಹೋದದ್ದು ಕಿಮೋದಿಂದ ಕುಸಿಯುವ ಬಿಳಿ ರಕ್ತಕಣ ಕಾಯುವ ಮದ್ದಾಗಿ. 2021ರಲ್ಲಿ ಅವರು, ಒಂದು ಪ್ರಯೋಗ ಸಾಲದು, ಇನ್ನೊಂದು ಮಾಡಿ ಬನ್ನಿ ಎಂದರು. ಹಾಗೆ ಹಿಂದಕ್ಕೆ ಕಳಿಸುವವರ ಮೇಲೆ ನನಗೆ ಗೌರವವಿದೆ.

ಚಿಕ್ಕಪ್ಪನಿಗೆ ಸೋಮವಾರ ಮೂರನೇ ಕಿಮೋ. ‘ಈ ಮದ್ದು ಮೈಸೂರಿನಲ್ಲಿ ಸಿಗುತ್ತದೆಯೇ?’ ಎಂದು ಸಂದೇಶದ ಕೊನೆಯಲ್ಲಿ ಚಿಕ್ಕಮ್ಮ ಕೇಳಿದ್ದರು. ಇಲ್ಲ, ಸೋಮವಾರದ್ದನ್ನು ತಪ್ಪಿಸಬೇಡಿ, ಗಾಡಿ ನಾನೇ ತರುತ್ತೇನೆ ಎಂದು ಬರೆದೆ.