ಹೊರತೆಗೆದ ಹುಳುವಿನ ಒಂದು ತುಂಡು

ಕೇಳುಗರಿಗೆ ನಮಸ್ಕಾರ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ವೈದ್ಯರೇ, ನರ್ಸ್‌ಗಳೇ, ಲ್ಯಾಬಿನವರೇ, ಇವತ್ತಿನ ಮಾತು ಮುಖ್ಯವಾಗಿ ನಿಮಗೆ. ರೋಗಿಯ ಚರ್ಮದಡಿಯಿಂದ ಹುಳು ತೆಗೆದರೆ ಅದನ್ನು ಇಡಿಯಾಗಿ ಫಾರ್ಮಲಿನ್‌ಗೆ, ಅಂದರೆ ಮಾದರಿ ಕೆಡದಂತೆ ಇಡುವ ದ್ರಾವಣಕ್ಕೆ, ಹಾಕಬೇಡಿ. ಒಂದು ತುಂಡು ಆಲ್ಕೋಹಾಲಿಗೆ ಹೋಗಲಿ.

ಕೆನ್ನೆಯಲ್ಲೋ ರೆಪ್ಪೆಯಲ್ಲೋ ಒಂದು ಗಂಟು ಏಳುತ್ತದೆ. ಕೆಲವರಿಗೆ ನಿನ್ನೆ ಇದ್ದ ಜಾಗದಲ್ಲಿ ಇವತ್ತು ಇರುವುದಿಲ್ಲ, ಸ್ವಲ್ಪ ಸರಿದಿರುತ್ತದೆ. ಕೊಯ್ದರೆ ಬಿಳಿ ದಾರದಂಥ ಹುಳು. ಇದು ಡೈರೋಫೈಲೇರಿಯಾ. ನಾಯಿಯ ರಕ್ತದಿಂದ ಸೊಳ್ಳೆಯ ಮೂಲಕ ನಮಗೆ ಬರುತ್ತದೆ, ಕೇರಳದಲ್ಲಿ ಅಪರೂಪವೇನಲ್ಲ. ಹುಳುವಿನ ಮೈಮೇಲೆ ಉದ್ದುದ್ದ ಏಣು ಕಂಡರೆ ‘ರೆಪೆನ್ಸ್’ (ಡೈರೋಫೈಲೇರಿಯಾದ ಒಂದು ಜಾತಿ) ಎಂದು ಬರೆದು ಕಡತ ಮುಚ್ಚುವ ರೂಢಿಯಿದೆ. ಅಷ್ಟು ಸಾಲದು.

ಹಾಂಗ್‌ಕಾಂಗ್‌ನಲ್ಲಿ ಆದದ್ದು ಕೇಳಿ. ಮೂವರು ರೋಗಿಗಳು. ಒಬ್ಬರಿಗೆ ಕುತ್ತಿಗೆಯಲ್ಲಿ, ಒಬ್ಬರಿಗೆ ಹೊಟ್ಟೆಯ ಚರ್ಮದಡಿ, ಇನ್ನೊಬ್ಬರಿಗೆ ಕಣ್ಣಿನಲ್ಲಿ ಗಂಟು. ಸೂಕ್ಷ್ಮದರ್ಶಕ ‘ಡೈರೋಫೈಲೇರಿಯಾ’ ಎಂಬಲ್ಲಿಗೆ ನಿಂತಿತು. ಕಾಕ್ಸ್‌-1 ಎಂಬ ಜೀನನ್ನು ಓದಿ ನೋಡಿದರೆ ರೆಪೆನ್ಸ್‌ಗೆ ತಾಳೆಯಾಗಲಿಲ್ಲ! ಅಲ್ಲಿನ ನಾಯಿಗಳ ರಕ್ತ ಪರೀಕ್ಷಿಸಿದರು. ಅಲ್ಲೂ ಅದೇ ಹುಳು. 2012ರಲ್ಲಿ ‘ಹಾಂಗ್‌ಕಾಂಗೆನ್ಸಿಸ್’ ಎಂಬ ಹೆಸರು ಸೂಚಿಸಿದರು. 2017ರಲ್ಲಿ, ಭಾರತದಿಂದ ಯುರೋಪಿಗೆ ಮರಳಿದ ಪ್ರವಾಸಿಯೊಬ್ಬರ ಮೈಯಲ್ಲಿ ಇದೇ ಗುಂಪಿನ ಹುಳು ಸಿಕ್ಕ ವರದಿ ಬಂತು. ಅಂದರೆ ಅದು ನಮ್ಮ ದೇಶದಲ್ಲೂ ಇದೆ. ನಮ್ಮೂರಿನ ಬಾಟಲಿಗಳಲ್ಲಿ ಇರುವುದು ಯಾವುದು? ಫಾರ್ಮಲಿನ್‌ನಲ್ಲಿ ನೆನೆದದ್ದು ಹೇಳಲಾರದು. ಫಾರ್ಮಲಿನ್ ಡಿಎನ್‌ಎಯನ್ನು ಪ್ರೋಟೀನಿಗೆ ಬಿಗಿದು, ಚೂರುಚೂರು ಮಾಡುತ್ತದೆ. ಜೀನನ್ನು ಓದಲು ನಮಗೆ ಬೇಕಾದದ್ದು ಆರುನೂರು ಅಕ್ಷರಗಳಷ್ಟು ಉದ್ದದ ಡಿಎನ್‌ಎಯ ಅಖಂಡ ತುಂಡು.

ಹೀಗೆ ಮಾಡಿ. ಜೀವಂತ ಹುಳುವನ್ನು ಚಿಮ್ಮಟದಿಂದ ಜಗ್ಗಿದರೆ ತುಂಡಾಗುತ್ತದೆ, ನಿಧಾನವಾಗಿ ತೆಗೆಯಿರಿ. ಸಲೈನ್‌ನಲ್ಲಿ ತೊಳೆದು ಉದ್ದ ಅಳೆಯಿರಿ. ಮೈಯ ನಡುಭಾಗದಿಂದ ಅರ್ಧ ಸೆಂಟಿಮೀಟರ್ ಕತ್ತರಿಸಿ 95 ಶೇಕಡಾ ಆಲ್ಕೋಹಾಲಿಗೆ ಹಾಕಿ. ಆಲ್ಕೋಹಾಲ್ ತುಂಡಿನ ಹತ್ತು ಪಟ್ಟಾದರೂ ಇರಲಿ. ಕಡಿಮೆಯಾದರೆ ಹುಳುವಿನ ನೀರಿಗೇ ತೆಳ್ಳಗಾಗುತ್ತದೆ. ತಲೆ, ಬಾಲ ಇರುವ ಉಳಿದ ಭಾಗ ಫಾರ್ಮಲಿನ್‌ಗೆ ಹೋಗಲಿ, ಅಡ್ಡಿಯಿಲ್ಲ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆದು ಕೊಳವೆಯೊಳಗೆ ಹಾಕಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಊರು, ದಿನಾಂಕ, ದೇಹದ ಯಾವ ಭಾಗ – ಈ ಮೂರು ಬಿಟ್ಟುಹೋಗದಿರಲಿ. ಆಮೇಲೆ ಫ್ರಿಜ್ಜಿನಲ್ಲಿಡಿ.

ಸಮಯ ಮುಗಿಯುತ್ತಾ ಬಂತು. ಗಂಟಿರುವವರು ಹೆದರಬೇಡಿ: ಮನುಷ್ಯನಿಂದ ಮನುಷ್ಯನಿಗೆ ಇದು ನೇರವಾಗಿ ಹರಡದು, ಹುಳು ತೆಗೆದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಸೊಳ್ಳೆ ಹುಟ್ಟದಿರಲು, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಮಳೆನೀರು ನಿಲ್ಲದಂತೆ ನೋಡಿಕೊಳ್ಳಿ. ಲ್ಯಾಬಿನವರೇ, ಗಂಟು ತೆಗೆಯುವ ದಿನ ಆಲ್ಕೋಹಾಲಿನ ಕೊಳವೆಯನ್ನು ಫಾರ್ಮಲಿನ್ ಬಾಟಲಿಯ ಪಕ್ಕದಲ್ಲಿ ಮೊದಲೇ ಇಟ್ಟಿರಿ. ನಮಸ್ಕಾರ.